ಬಣ್ಣಕ್ಕೂ ಬೇಕು ಒಂದು ಅಳತೆಗೋಲು

ಮದುವೆಯ ಆಲ್ಬಂ ಮನೆಗೆ ಬಂದ ದಿನ ಅನೇಕ ಕುಟುಂಬಗಳಲ್ಲಿ ಒಂದು ಸಣ್ಣ ಅಸಮಾಧಾನ ತಲೆದೋರುವುದುಂಟು. ಸ್ಟುಡಿಯೊದ ಕಂಪ್ಯೂಟರ್ ಮುಂದೆ ಕುಳಿತು ಆರಿಸಿಕೊಟ್ಟ ಚಿತ್ರಗಳೇ ಕಾಗದಕ್ಕೆ ಇಳಿಯುವಷ್ಟರಲ್ಲಿ ಬೇರೆಯಾಗಿರುತ್ತವೆ. ಪರದೆಯ ಮೇಲೆ ಹೊಳೆಯುತ್ತಿದ್ದ ನವಿಲುನೀಲಿ ಸೀರೆ ನೇರಳೆಯತ್ತ ವಾಲಿರುತ್ತದೆ. ಚೆಂಡುಹೂವಿನ ತೋರಣ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಮಂಟಪದಲ್ಲಿ ನಿಂತವರ ಮುಖಗಳು ಕಪ್ಪಿಟ್ಟಿರುತ್ತವೆ. ಕೇಳಿದರೆ ಸಿಗುವ ಉತ್ತರ ಎಲ್ಲೆಡೆಯೂ ಒಂದೇ: ‘ಸ್ಕ್ರೀನ್‌ನಲ್ಲಿ ಹಾಗೆ ಕಾಣುತ್ತೆ ಸಾರ್, ಪ್ರಿಂಟ್‌ನಲ್ಲಿ ಹೀಗೇ ಬರೋದು.’

ಈ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅದರಲ್ಲಿ ನಿಜವೆಷ್ಟು, ನೆಪವೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಏಕೆಂದರೆ ಇದು ಆಲ್ಬಂಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಸರ್ಕಾರಿ ಇಲಾಖೆಗಳ ಮುದ್ರಣದ ಬಿಲ್ಲು, ನೇಕಾರನ ಕೈಗೆ ಹಿಂದಿರುಗಿ ಬರುವ ಸೀರೆ, ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಐವತ್ತು ವರ್ಷ ಉಳಿಯಬೇಕಾದ ತಂದೆತಾಯಿಯ ಭಾವಚಿತ್ರ, ಇವೆಲ್ಲವೂ ಇದೇ ಪ್ರಶ್ನೆಯ ಸುತ್ತ ಸುತ್ತುತ್ತವೆ.

ಮೊದಲು ನಿಜದ ಭಾಗ. ಪರದೆ ತಾನೇ ಬೆಳಕು ಸೂಸುವ ವಸ್ತು. ಕಾಗದ ಬೇರೆಡೆಯಿಂದ ಬಂದ ಬೆಳಕನ್ನು ಹಿಂದಕ್ಕೆ ಕಳಿಸುವ ವಸ್ತು. ಪರದೆಯ ಒಂದೊಂದು ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಬೆಳಕುಗಳು ಕೂಡಿಕೊಳ್ಳುತ್ತವೆ. ಮೂರೂ ಪೂರ್ಣ ಉರಿದರೆ ಬಿಳಿ, ಮೂರೂ ಆರಿದರೆ ಕಪ್ಪು. ಆಫ್‌ಸೆಟ್ ಮುದ್ರಣದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಬಿಳಿ ಎಂದರೆ ಬರಿಯ ಕಾಗದ. ಅದರ ಮೇಲೆ ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಗುಲಾಬಿಗೆಂಪು, ಹಳದಿ ಮತ್ತು ಕಪ್ಪು ಶಾಯಿಗಳನ್ನು ಹಾಕುತ್ತಾ ಹೋದಂತೆ ಬೆಳಕು ಕಳೆಯುತ್ತಾ ಹೋಗುತ್ತದೆ. ಕೂಡುವ ಲೆಕ್ಕದಿಂದ ಬಂದ ಬಣ್ಣವನ್ನು ಕಳೆಯುವ ಲೆಕ್ಕದಿಂದ ಪಡೆಯಬೇಕೆಂದರೆ ಎಲ್ಲ ಬಣ್ಣಗಳೂ ಸಿಗುವುದಿಲ್ಲ. ಪರದೆ ಸಲೀಸಾಗಿ ತೋರುವ ಉಜ್ವಲ ಕಿತ್ತಳೆ, ಬಾಳೆಯ ಸುಳಿಯಂಥ ಎಳೆಹಸಿರು, ಗಾಢ ನೀಲಿ, ಇವು ನಾಲ್ಕು ಶಾಯಿಗಳ ಕೈಗೆ ಎಟುಕುವುದಿಲ್ಲ. ತಮಾಷೆಯೆಂದರೆ, ಅಚ್ಚ ಸಯಾನ್ ಶಾಯಿಯ ಬಣ್ಣವನ್ನು ಸಾಧಾರಣ ಪರದೆಯೂ ಸರಿಯಾಗಿ ತೋರಿಸಲಾರದು. ಎರಡು ಹೊಲಗಳು ಅಕ್ಕಪಕ್ಕದಲ್ಲಿದ್ದು ಬಹುಪಾಲು ಒಂದರ ಮೇಲೊಂದು ಹರಡಿಕೊಂಡಿವೆ. ಆದರೆ ಇದರ ಒಂದು ಮೂಲೆ ಅದರ ಬದುವಿನಾಚೆ, ಅದರ ಒಂದು ಮೂಲೆ ಇದರ ಬದುವಿನಾಚೆ.

ಈ ಮಿತಿಯನ್ನು ಯಾವ ಯಂತ್ರವೂ ದಾಟಿಸಲಾರದು. ಆದರೆ ಮುಖಗಳು ಕಪ್ಪಿಡುವುದು ಈ ಮಿತಿಯಿಂದಲ್ಲ. ಮನುಷ್ಯರ ಚರ್ಮದ ಬಣ್ಣಗಳೆಲ್ಲ, ನಮ್ಮ ನಾಡಿನ ಎಲ್ಲ ಛಾಯೆಗಳೂ ಸೇರಿದಂತೆ, ಎರಡೂ ಹೊಲಗಳ ನಡುಭಾಗದಲ್ಲೇ ಇವೆ. ಅವು ಸರಿಯಾಗಿ ಮುದ್ರಣವಾಗದಿದ್ದರೆ ಕಾರಣ ಭೌತಶಾಸ್ತ್ರದ್ದಲ್ಲ, ಅಳತೆಯದು. ನೆಪದ ಭಾಗ ಆರಂಭವಾಗುವುದು ಇಲ್ಲಿಂದ.

ನಮ್ಮ ಅಜ್ಜಿಯರ ಕಾಲದಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಾಗಿರಲಿಲ್ಲ. ಕೊಳಗ, ಪಾವು, ಪಲ್ಲಗಳೂ ಹಾಗೆಯೇ. ‘ಹತ್ತು ಸೇರು’ ಎಂದರೆ ಎಷ್ಟು ಎಂದು ತಿಳಿಯಲು ‘ಯಾವ ಸೇರು’ ಎಂದು ಕೇಳಲೇಬೇಕಿತ್ತು. ಈ ಗೊಂದಲದಲ್ಲಿ ಲಾಭವಾಗುತ್ತಿದ್ದುದು ಅಳೆಯುವವನಿಗೆ, ನಷ್ಟವಾಗುತ್ತಿದ್ದುದು ಅಳೆಸಿಕೊಳ್ಳುವವನಿಗೆ. ದೇಶದಾದ್ಯಂತ ಮೆಟ್ರಿಕ್ ಪದ್ಧತಿಯನ್ನು ತರಲು 1956ರಲ್ಲಿ ಕಾನೂನು ಮಾಡಬೇಕಾಯಿತು. ಕಂಪ್ಯೂಟರಿನ ಬಣ್ಣ ಇಂದಿಗೂ ಹೆಚ್ಚುಕಡಿಮೆ ಆ ಹಳೆಯ ಸೇರಿನ ಸ್ಥಿತಿಯಲ್ಲಿದೆ. ಒಂದು ಕಿತ್ತಳೆ ಬಣ್ಣಕ್ಕೆ ಕಂಪ್ಯೂಟರ್ ಕೊಡುವ ಹೆಸರು ಮೂರು ಸಂಖ್ಯೆಗಳು: ಕೆಂಪು 255, ಹಸಿರು 153, ನೀಲಿ 51. ಆದರೆ ‘ಕೆಂಪು 255’ ಎಂದರೆ ‘ನಿನ್ನಲ್ಲಿರುವ ಕೆಂಪನ್ನು ಪೂರ್ತಿ ಉರಿಸು’ ಎಂದಷ್ಟೇ ಅರ್ಥ. ಯಾರ ಕೆಂಪು? ನನ್ನ ಹಳೆಯ ಮಾನಿಟರಿನದೋ, ಮೊಮ್ಮಗಳ ಹೊಸ ಮೊಬೈಲಿನದೋ? ಎರಡರ ಕೆಂಪೂ ಬೇರೆ. ಅಂಗಡಿಯಲ್ಲಿ ಸಾಲಾಗಿ ಇಟ್ಟ ಟಿ.ವಿ.ಗಳು ಒಂದೇ ಕ್ರಿಕೆಟ್ ಪಂದ್ಯವನ್ನು ಹತ್ತು ಬಗೆಯ ಹಸಿರಿನಲ್ಲಿ ತೋರಿಸುವುದನ್ನು ಓದುಗರು ಕಂಡೇ ಇರುತ್ತಾರೆ.

ಹಾಗೆಂದು ಬಣ್ಣಕ್ಕೆ ಮೆಟ್ರಿಕ್ ಪದ್ಧತಿ ಇಲ್ಲವೇ ಇಲ್ಲ ಎಂದಲ್ಲ. ಅದು ಬಂದು ತೊಂಬತ್ತು ವರ್ಷಗಳ ಮೇಲಾಯಿತು. ಬೆಳಕಿನ ಅಂತರರಾಷ್ಟ್ರೀಯ ಆಯೋಗವು 1931ರಲ್ಲಿ ‘ಪ್ರಮಾಣಿತ ವೀಕ್ಷಕ’ ಎಂಬ ಕಲ್ಪನೆಯನ್ನು ಅಂಗೀಕರಿಸಿ, ಯಾವುದೇ ಬಣ್ಣವನ್ನು ಯಂತ್ರದ ಹಂಗಿಲ್ಲದೆ ಸಂಖ್ಯೆಗಳಲ್ಲಿ ಹೇಳುವ ಕ್ರಮವನ್ನು ರೂಪಿಸಿತು. ಅದಕ್ಕೆ ಆಧಾರವಾದದ್ದು ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ ಬೇರೆಬೇರೆಯಾಗಿ ನಡೆಸಿದ ಪ್ರಯೋಗಗಳು. ರೈಟ್ ಅವರ ಪ್ರಯೋಗದಲ್ಲಿ ಇದ್ದವರು 10 ಮಂದಿ, ಗಿಲ್ಡ್ ಅವರದರಲ್ಲಿ 7 ಮಂದಿ. ಒಟ್ಟು ಹದಿನೇಳು ಜೋಡಿ ಕಣ್ಣುಗಳು! ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬ ಇಷ್ಟು ಚಿಕ್ಕ ಮಾದರಿಯನ್ನು ಹಿಡಿದು ಬಂದರೆ ಯಾವ ಪ್ರಾಧ್ಯಾಪಕರೂ ಒಪ್ಪಲಾರರು. ಆದರೂ ಜಗತ್ತಿನ ಬಣ್ಣದ ವ್ಯವಹಾರ ಈಗಲೂ ಬಹುಮಟ್ಟಿಗೆ ಆ ತಳಹದಿಯ ಮೇಲೆಯೇ ನಿಂತಿದೆ, ಕುಸಿದಿಲ್ಲ.

ಕಂಪ್ಯೂಟರ್ ಯುಗ ಬಂದಮೇಲೆ 1993ರಲ್ಲಿ ಎಂಟು ಕಂಪನಿಗಳು ಸೇರಿ ಅಂತರರಾಷ್ಟ್ರೀಯ ಬಣ್ಣ ಒಕ್ಕೂಟವನ್ನು ಸ್ಥಾಪಿಸಿದವು. ಅಡೋಬಿ, ಆಪಲ್, ಕೊಡ್ಯಾಕ್, ಮೈಕ್ರೋಸಾಫ್ಟ್ ಅವುಗಳಲ್ಲಿದ್ದವು. ಒಕ್ಕೂಟ ರೂಪಿಸಿದ ಉಪಾಯ ಸರಳ. ಪ್ರತಿಯೊಂದು ಮಾನಿಟರಿಗೂ, ಪ್ರತಿಯೊಂದು ಪ್ರಿಂಟರ್–ಕಾಗದ–ಶಾಯಿಯ ಜೋಡಿಗೂ ಒಂದು ‘ಪ್ರೊಫೈಲ್’ ಇರಬೇಕು. ಅದೊಂದು ಪುಟ್ಟ ಕಡತ. ‘ನನ್ನ 255 ಎಂದರೆ ಪ್ರಮಾಣಿತ ಅಳತೆಯಲ್ಲಿ ಇಷ್ಟು’ ಎಂದು ಯಂತ್ರವು ತನ್ನ ಸೇರಿನ ಗಾತ್ರವನ್ನು ಬರೆದುಕೊಡುವ ಕಾಗದ ಅದು. ಎರಡು ಪ್ರೊಫೈಲುಗಳಿದ್ದರೆ ಒಂದರ ಅಳತೆಯಿಂದ ಇನ್ನೊಂದರ ಅಳತೆಗೆ ತರ್ಜುಮೆ ಮಾಡುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ಪ್ರೊಫೈಲ್ ಇಲ್ಲದ ಸಾಮಾನ್ಯ ಬಳಕೆದಾರರಿಗಾಗಿ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಮಾನದಂಡವನ್ನು ಮುಂದಿಟ್ಟವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು.

ಮಾನಿಟರಿನ ಪ್ರೊಫೈಲನ್ನು ತಯಾರಿಸುವ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದನ್ನು ಪರದೆಯ ಮೇಲೆ ತೂಗುಬಿಟ್ಟರೆ ಒಂದರ ನಂತರ ಒಂದು ಬಣ್ಣವನ್ನು ಅಳೆದು ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸುತ್ತದೆ. ಸ್ಟುಡಿಯೊಗಳು ಕೊಂಡುಕೊಳ್ಳುವ ಕ್ಯಾಮೆರಾ, ಲೆನ್ಸುಗಳ ಬೆಲೆಯ ಮುಂದೆ ಇದರ ಬೆಲೆ ಅಲ್ಪ. ಉಪಕರಣ ಇಲ್ಲದವರಿಗೂ ಒಂದು ದಾರಿ ಇದೆ. ಹೊಸ ಮಾನಿಟರುಗಳು ಪೆಟ್ಟಿಗೆಯಿಂದ ಹೊರಬರುವಾಗಲೇ ವಿಪರೀತ ಪ್ರಕಾಶಮಾನವಾಗಿರುತ್ತವೆ. ಅಂಗಡಿಯಲ್ಲಿ ಗಿರಾಕಿಯ ಕಣ್ಣು ಸೆಳೆಯಬೇಕಲ್ಲ! ಮುದ್ರಣಕ್ಕೆ ಹೊಂದಿಸುವವರು ಸಾಮಾನ್ಯವಾಗಿ ಪ್ರತಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಸಾಕೆನ್ನುತ್ತಾರೆ. ಅನೇಕ ಮಾನಿಟರುಗಳು 250ರ ಮೇಲೆಯೇ ಉರಿಯುತ್ತಿರುತ್ತವೆ. ಅಂಥ ಪರದೆಯನ್ನು ನೋಡಿ ‘ಚಿತ್ರ ಸಾಕಷ್ಟು ಬೆಳ್ಳಗಿದೆ’ ಎಂದು ತೀರ್ಮಾನಿಸಿ ಮುದ್ರಿಸಿದರೆ ಕಾಗದ ಕಪ್ಪಿಡದೆ ಇನ್ನೇನು ಮಾಡೀತು? ‘ಪ್ರಿಂಟು ಕಪ್ಪಗೆ ಬಂತು’ ಎಂಬ ದೂರುಗಳಲ್ಲಿ ದೊಡ್ಡ ಪಾಲು ಮಾನಿಟರಿನ ಪ್ರಕಾಶವನ್ನು ತಗ್ಗಿಸಿದರೆ ಅಲ್ಲಿಗೇ ಮುಗಿಯುವಂಥದು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಇನ್ನು ನೋಡುವ ಬೆಳಕಿನ ಮಾತು. ಈ ವಿಷಯದಲ್ಲಿ ನಮ್ಮ ಗೃಹಿಣಿಯರು ಪ್ರಯೋಗಾಲಯದ ವಿಜ್ಞಾನಿಗಳಿಗೆ ಕಡಿಮೆಯೇನಲ್ಲ. ಚಿಕ್ಕಪೇಟೆಯ ಅಂಗಡಿಗಳಲ್ಲಿ ಸೀರೆ ಆರಿಸಿದ ಮೇಲೆ ಅದನ್ನು ಬಾಗಿಲಿನಾಚೆಗೆ ತಂದು ಬಿಸಿಲಿನಲ್ಲಿ ಹಿಡಿದು ನೋಡದೆ ಹಣ ಕೊಡುವವರು ಅಪರೂಪ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಬಣ್ಣವಾಗಿ ಕಂಡ ಸೀರೆ–ರವಿಕೆ ಹೊರಗೆ ಬಂದೊಡನೆ ಬೇರೆ ಬೇರೆಯಾಗುವುದನ್ನು ಅವರು ಚೆನ್ನಾಗಿ ಬಲ್ಲರು. ಮುದ್ರಿತ ಚಿತ್ರಕ್ಕೂ ಇದೇ ನಿಯಮ. ಮುದ್ರಣವನ್ನು ಯಾವ ಬೆಳಕಿನಲ್ಲಿ ನೋಡಿ ತೀರ್ಪು ಕೊಡಬೇಕು ಎಂಬುದಕ್ಕೇ ಒಂದು ಅಂತರರಾಷ್ಟ್ರೀಯ ಮಾನಕವಿದೆ. ಅದರ ಪ್ರಕಾರ ಬೆಳಕು 5000 ಕೆಲ್ವಿನ್ ಮಟ್ಟದ ಹಗಲಿನಂತಿರಬೇಕು. ಬಣ್ಣಗಳನ್ನು ನಿಷ್ಠುರವಾಗಿ ತಾಳೆ ನೋಡುವಾಗ ಅದರ ತೀವ್ರತೆ 2000 ಲಕ್ಸ್, ಮನೆಯ ಬೆಳಕಿಗೆ ಹತ್ತಿರವಾಗಿ ನೋಡುವಾಗ 500 ಲಕ್ಸ್. ನಮ್ಮ ಸ್ಟುಡಿಯೊಗಳಲ್ಲಿ ಆಲ್ಬಂ ಬಿಚ್ಚಿ ತೋರಿಸುವುದು ಹಳದಿ ಬಲ್ಬಿನ ಕೆಳಗೋ ನೀಲಿ ಛಾಯೆಯ ಎಲ್‌ಇಡಿ ಪಟ್ಟಿಯ ಕೆಳಗೋ. ಪಕ್ಕದಲ್ಲಿರುವ ಮಾನಿಟರಿನ ಬಿಳಿ ಸಾಮಾನ್ಯವಾಗಿ 6500 ಕೆಲ್ವಿನ್, ಅಂದರೆ ತುಸು ನೀಲಿಯ ಕಡೆಗೆ. ಹೋಲಿಕೆಗೆ ಕೂರಿಸಿದ ಎರಡು ಸಾಕ್ಷಿಗಳೂ ಬೇರೆ ಬೇರೆ ಭಾಷೆ ಆಡುತ್ತಿರುವಾಗ ನ್ಯಾಯಾಧೀಶರು ಮಾಡುವುದೇನು?

ಅಳತೆ ಇದ್ದರೂ ಅದು ಯಾರ ಅಳತೆ ಎಂಬ ಪ್ರಶ್ನೆ ಉಳಿಯುತ್ತದೆ. ಫಿಲಂ ಕಾಲದಲ್ಲಿ ಕೊಡ್ಯಾಕ್ ಕಂಪನಿ ಫೋಟೊ ಮುದ್ರಿಸುವ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರವನ್ನು ಕಳಿಸುತ್ತಿತ್ತು. ಅದರಲ್ಲಿದ್ದದ್ದು ಬಿಳಿಯ ಮೈಬಣ್ಣದ ಒಬ್ಬ ಮಹಿಳೆ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ‘ಶರ್ಲಿ ಕಾರ್ಡ್’ ಎಂಬ ಹೆಸರು ನಿಂತಿತು. ಆ ಮುಖ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆ ಎಂದರ್ಥ. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಥೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಕಂದು ಛಾಯೆಗಳನ್ನು ಉತ್ತಮಪಡಿಸುವಂತೆ ಕೊಡ್ಯಾಕ್ ಮೇಲೆ ಒತ್ತಡ ತಂದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣಗಳ ತಯಾರಕರು ಮುಖ್ಯರಾಗಿದ್ದರು ಎಂಬುದು ಅವರ ಅಧ್ಯಯನದಿಂದ ತಿಳಿದುಬರುತ್ತದೆ. ಕಪ್ಪು ಮೈಬಣ್ಣದ ಕೋಟ್ಯಂತರ ಜನರ ಮುಖಕ್ಕಿಂತ ಚಾಕೊಲೇಟಿನ ಬಣ್ಣಕ್ಕೆ ಮಾರುಕಟ್ಟೆಯಲ್ಲಿ ದನಿ ಇತ್ತು. ಹಲವು ಮೈಬಣ್ಣಗಳ ಮಹಿಳೆಯರಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ.

ಈಗ ಫಿಲಂ ಹೋಯಿತು, ಆದರೆ ಶರ್ಲಿಯ ನೆರಳು ನಮ್ಮ ಸ್ಟುಡಿಯೊಗಳಿಂದ ಹೋಗಿಲ್ಲ. ಮುದ್ರಣ ಕಪ್ಪಿಡುತ್ತದೆ ಎಂಬ ಭಯದಿಂದ, ಹಾಗೂ ಬಿಳಿಯೇ ಚೆಂದ ಎಂಬ ನಮ್ಮದೇ ರೋಗದಿಂದ, ಮುಖಗಳನ್ನು ಮುಂಚಿತವಾಗಿಯೇ ಬಿಳುಪಾಗಿಸಿಬಿಡುತ್ತಾರೆ. ನನ್ನ ಅಣ್ಣನ ಮಗಳ ಆರತಕ್ಷತೆಯ ಆಲ್ಬಮನ್ನು ಎಂಬತ್ತೆಂಟು ದಾಟಿದ ನಮ್ಮ ತಾಯಿ ಕನ್ನಡಕ ಸರಿಮಾಡಿಕೊಂಡು ಪುಟಪುಟವಾಗಿ ನೋಡಿದರು. ಕೊನೆಗೆ, ‘ಸೀರೆ ನಮ್ಮದೇ, ಒಡವೆ ನಮ್ಮದೇ. ಹುಡುಗಿ ಯಾರೋ?’ ಎಂದರು. ಅಣ್ಣನಿಗೆ ನಗು ಬಂತು, ಅತ್ತಿಗೆಗೆ ಬರಲಿಲ್ಲ. ತಪ್ಪಿದ ಅಳತೆಯನ್ನು ಸರಿಪಡಿಸುವ ಬದಲು ವಸ್ತುವನ್ನೇ ತಿದ್ದುವ ಈ ಪದ್ಧತಿ ನನಗಂತೂ ಸಹ್ಯವಲ್ಲ.

ಸರ್ಕಾರಿ ಕೆಲಸಕ್ಕೆ ಬರೋಣ. ಸೇವೆಯಲ್ಲಿದ್ದಾಗ ಇಂಥದೇ ಒಂದು ಕಡತ ನನ್ನ ಮೇಜಿಗೆ ಬಂದಿತ್ತು. ಒಂದು ಇಲಾಖೆಯವರು ಬಣ್ಣದ ಪುಸ್ತಿಕೆಯನ್ನು ಮುದ್ರಿಸಿದ್ದರು. ಪುಟಗಳ ವಿನ್ಯಾಸವನ್ನು ಅಧಿಕಾರಿಗಳು ಲ್ಯಾಪ್‌ಟಾಪಿನ ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಟ್ಟಿದ್ದರು. ಸಾವಿರಗಟ್ಟಲೆ ಪ್ರತಿಗಳು ಬಂದಾಗ ಕಾಡಿನ ಹಸಿರು ಪಾಚಿಯ ಬಣ್ಣವಾಗಿತ್ತು, ಸಂಜೆಯ ಆಕಾಶ ಮಸಿ ಬಳಿದಂತಿತ್ತು. ‘ಒಪ್ಪಿದ ಮಾದರಿಯಂತೆ ಇಲ್ಲ’ ಎಂದು ಇಲಾಖೆ ಬಿಲ್ಲನ್ನು ತಡೆಹಿಡಿಯಿತು. ‘ನೀವು ಕೊಟ್ಟ ಕಡತವನ್ನೇ ಮುದ್ರಿಸಿದ್ದೇವೆ’ ಎಂದು ಮುದ್ರಕರು ಪತ್ರ ಬರೆದರು. ಚಿಕ್ಕ ಮುದ್ರಣಾಲಯ, ಕಾಗದಕ್ಕೆ ಸಾಲ ಮಾಡಿದ್ದರು. ಎಂಟು ತಿಂಗಳು ಪತ್ರ ವ್ಯವಹಾರ ನಡೆದಿತ್ತು, ಬಡ್ಡಿ ಬೆಳೆಯುತ್ತಿತ್ತು.

ಟೆಂಡರ್ ದಾಖಲೆಯನ್ನು ತರಿಸಿ ನೋಡಿದೆ. ಕಾಗದ 130 ಜಿಎಸ್‌ಎಂ ಆರ್ಟ್ ಪೇಪರ್ ಇರಬೇಕು, ಅಳತೆ ಇಷ್ಟು, ಹೊಲಿಗೆ ಹೀಗೆ, ಕಟ್ಟಿನಲ್ಲಿ ಇಷ್ಟು ಪ್ರತಿ ಎಂದೆಲ್ಲ ಬರೆದಿತ್ತು. ಬಣ್ಣದ ಬಗ್ಗೆ ಇದ್ದದ್ದು ಎರಡೇ ಪದ: ‘ನಾಲ್ಕು ಬಣ್ಣ’. ಕಾಗದ 120 ಜಿಎಸ್‌ಎಂ ಇದ್ದಿದ್ದರೆ ತೂಗಿ ದಂಡ ಹಾಕಬಹುದಿತ್ತು. ಹಸಿರು ಪಾಚಿಯಾಗಿದೆ ಎಂಬುದನ್ನು ಯಾವುದರಿಂದ ತೂಗುವುದು? ಒಪ್ಪಿಗೆ ಕೊಟ್ಟ ಲ್ಯಾಪ್‌ಟಾಪಿನ ಪರದೆಯನ್ನು ಯಾರೂ ಅಳೆದಿರಲಿಲ್ಲ. ಬರವಣಿಗೆಯಲ್ಲಿ ಇಲ್ಲದ ಷರತ್ತಿನ ಮೇಲೆ ಹಣ ತಡೆಯಲು ಬರುವುದಿಲ್ಲವೆಂದೂ, ಮುಂದಿನ ಟೆಂಡರುಗಳಲ್ಲಿ ಅದೇ ಕಾಗದದ ಮೇಲೆ ತೆಗೆದ ಪ್ರೂಫಿಗೆ ಎರಡೂ ಕಡೆಯವರು ಸಹಿ ಹಾಕಿ ತಲಾ ಒಂದು ಪ್ರತಿ ಇಟ್ಟುಕೊಳ್ಳಬೇಕೆಂದೂ ಟಿಪ್ಪಣಿ ಬರೆದೆ. ಬಿಲ್ಲು ಪಾವತಿಯಾಯಿತು. ಬಡ್ಡಿಯನ್ನು ಯಾರೂ ಕೊಡಲಿಲ್ಲ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಚಿರಪರಿಚಿತ ವಿವರಣೆ ಇದೆ. ಗುಣಮಟ್ಟವನ್ನು ಕೊಳ್ಳುವವನು ಮೊದಲೇ ಅಳೆಯಲಾರದ ಮಾರುಕಟ್ಟೆಯಲ್ಲಿ ಒಳ್ಳೆಯ ಸರಕು ಹಿಂದೆ ಸರಿದು ಕಳಪೆ ಸರಕು ಉಳಿಯುತ್ತದೆ ಎಂದು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಬಣ್ಣವನ್ನು ಅಳೆದು ಮುದ್ರಿಸುವ ಮುದ್ರಕನಿಗೆ ಖರ್ಚು ಹೆಚ್ಚು. ಟೆಂಡರಿನಲ್ಲಿ ಬಣ್ಣದ ಮಾತೇ ಇಲ್ಲದಿದ್ದಾಗ ಕಡಿಮೆ ದರ ಹೇಳುವವನು ಅಳೆಯದವನೇ ಆಗಿರುತ್ತಾನೆ. ಕೆಲಸವೂ ಅವನಿಗೇ ಹೋಗುತ್ತದೆ.

ನಮ್ಮ ಸರ್ಕಾರಕ್ಕೆ ಬಣ್ಣವನ್ನು ಅಳೆದು ಬರೆಯಲು ಬರುವುದಿಲ್ಲವೇ? ಚೆನ್ನಾಗಿಯೇ ಬರುತ್ತದೆ. ರಾಷ್ಟ್ರಧ್ವಜದ ಮಾನಕವನ್ನು ನೋಡಬೇಕು. ಭಾರತೀಯ ಮಾನಕಗಳಲ್ಲಿ ಅದರ ಸಂಖ್ಯೆಯೇ 1. ಅದರ 1968ರ ಪರಿಷ್ಕೃತ ರೂಪದಲ್ಲಿ ‘ಕೇಸರಿ’ ಎಂಬ ಮಾತಿಗೆ ಬಿಟ್ಟುಬಿಡದೆ, 1931ರ ಆ ಪ್ರಮಾಣಿತ ಕ್ರಮದಲ್ಲೇ ಬಣ್ಣಗಳನ್ನು ಸಂಖ್ಯೆಗಳಲ್ಲಿ ನಿಗದಿಪಡಿಸಲಾಗಿದೆ, ಅದೂ ಯಾವ ಪ್ರಮಾಣಿತ ಬೆಳಕಿನಲ್ಲಿ ಅಳೆಯಬೇಕೆಂಬುದರ ಸಮೇತ. ಖಾದಿ ಕೇಸರಿಯ ಸಂಖ್ಯೆಗಳು 0.538 ಮತ್ತು 0.360. ಧಾರವಾಡದ ಬಳಿಯ ಗರಗದಲ್ಲಿ ನೇಯುವ ಖಾದಿ ಬಟ್ಟೆಗೂ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ಧ್ವಜಕ್ಕೂ ಈ ಮಾನಕವೇ ಒರೆಗಲ್ಲು. ಅದೇ ಧ್ವಜದ ಚಿತ್ರವನ್ನು ಪರದೆಯಲ್ಲಿ ಹುಡುಕಿ ನೋಡಿ. ಕೇಸರಿಗೆ ಒಂದೆಡೆ 255, 153, 51 ಎಂದು, ಇನ್ನೊಂದೆಡೆ 255, 103, 31 ಎಂದು ಸಂಖ್ಯೆಗಳು ಚಲಾವಣೆಯಲ್ಲಿವೆ. ಒಂದು ಮಾವಿನಹಣ್ಣಿನ ಕಡೆಗೆ, ಇನ್ನೊಂದು ಕೆಂಪಿನ ಕಡೆಗೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಿಸಿದ ಪಾಲಿಯೆಸ್ಟರ್ ಧ್ವಜಗಳಿಗೂ ಅವಕಾಶ ಸಿಕ್ಕಿದ ಮೇಲೆ, ರಸ್ತೆಬದಿಯಲ್ಲಿ ಮಾರುವ ಧ್ವಜಗಳ ಕೇಸರಿಯಲ್ಲಿ ಎಷ್ಟು ಬಗೆ ಎಂಬುದನ್ನು ಆಗಸ್ಟ್ ತಿಂಗಳಲ್ಲಿ ಯಾರು ಬೇಕಾದರೂ ಎಣಿಸಬಹುದು.

ಕೈಮಗ್ಗದವರ ಪಾಡು ಇನ್ನೂ ಸೂಕ್ಷ್ಮ. ಇಳಕಲ್ಲಿನ ನೇಕಾರನೊಬ್ಬ ಸೀರೆಯ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಬೆಂಗಳೂರಿನ ಗಿರಾಕಿಗೆ ನೇರವಾಗಿ ಮಾರುವುದು ಈಗ ಸಾಧ್ಯ. ಮಧ್ಯವರ್ತಿಯ ಕಾಟ ತಪ್ಪಿತು ಎಂದು ನಾವೆಲ್ಲ ಸಂತೋಷಪಡುವ ಸಂಗತಿ. ಆದರೆ ಗಿರಾಕಿಯ ಮೊಬೈಲು ಕೆಂಪನ್ನು ಉತ್ಪ್ರೇಕ್ಷೆ ಮಾಡಿ ತೋರಿಸುವಂಥದಾದರೆ ಸೀರೆ ಹಿಂದಿರುಗಿ ಬರುತ್ತದೆ, ಎರಡು ಕಡೆಯ ಅಂಚೆವೆಚ್ಚ ನೇಕಾರನ ತಲೆಗೆ. 2020ರ ಇ–ವಾಣಿಜ್ಯ ನಿಯಮಗಳ ಪ್ರಕಾರ ಜಾಹೀರಾತಿನಲ್ಲಿ ತೋರಿಸಿದ ಲಕ್ಷಣಗಳಿಲ್ಲದ ಸರಕನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಗ್ರಾಹಕನ ದೃಷ್ಟಿಯಿಂದ ಇದು ಸರಿಯಾದ ನಿಯಮವೇ. ತೋರಿಸಿದ ಬಣ್ಣ ಯಾವುದು ಎಂಬ ಪ್ರಶ್ನೆ ಮಾತ್ರ ಅಲ್ಲೇ ಉಳಿದಿದೆ. ದೊಡ್ಡ ಕಂಪನಿಗಳು ‘ಬಣ್ಣದಲ್ಲಿ ತುಸು ವ್ಯತ್ಯಾಸವಿರಬಹುದು’ ಎಂಬ ಒಂದು ಸಾಲು ಬರೆದು, ಹಿಂದಿರುಗಿದ ಸರಕಿನ ನಷ್ಟವನ್ನು ಬೆಲೆಯಲ್ಲಿ ಸೇರಿಸಿಕೊಳ್ಳುತ್ತವೆ. ಒಂದು ಮಗ್ಗದ ಯಜಮಾನನಿಗೆ ಆ ಅನುಕೂಲವಿಲ್ಲ.

‘ಬಣ್ಣ ನೋಡುವವರ ಕಣ್ಣಿನಲ್ಲಿದೆ, ಅದಕ್ಕೆಂಥ ಕರಾರು’ ಎಂದು ಕೆಲವು ಮಿತ್ರರು ವಾದಿಸುತ್ತಾರೆ. ನೂರಕ್ಕೆ ನೂರು ಹೊಂದಿಕೆ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಎರಡು ಬಣ್ಣಗಳ ನಡುವಣ ಅಂತರವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ‘ಡೆಲ್ಟಾ ಇ’ ಎಂಬ ಅಳತೆ ದಶಕಗಳಿಂದ ಬಳಕೆಯಲ್ಲಿದೆ. ಅದು ಸುಮಾರು 1 ಇದ್ದರೆ ಪಳಗಿದ ಕಣ್ಣಿಗೆ ಮಾತ್ರ ವ್ಯತ್ಯಾಸ ಗೊತ್ತಾದೀತು. ಕಾಗದದ ತೂಕಕ್ಕೆ ಶೇಕಡಾ ಇಷ್ಟು ಹೆಚ್ಚುಕಡಿಮೆ ಇರಬಹುದು ಎಂದು ಟೆಂಡರಿನಲ್ಲಿ ಬರೆಯುವಂತೆ ಮುಖ್ಯ ಬಣ್ಣಗಳಿಗೆ ಡೆಲ್ಟಾ ಇ ಇಷ್ಟನ್ನು ಮೀರಬಾರದು ಎಂದು ಬರೆಯಲು ಅಡ್ಡಿ ಏನಿದೆ? ಕೈಮಗ್ಗ ಇಲಾಖೆಯು ನೇಕಾರರ ಕೇಂದ್ರಗಳಿಗೆ ಅಳೆದ ಒಂದು ಮಾನಿಟರು, ಹಗಲಿನಂಥ ಬೆಳಕಿನ ಒಂದು ಪೆಟ್ಟಿಗೆ, ಫೋಟೊದ ಪಕ್ಕದಲ್ಲಿಡುವ ಒಂದು ಬಣ್ಣದ ಪಟ್ಟಿ ಕೊಟ್ಟರೆ ಗಿರಾಕಿಯ ಮೊಬೈಲನ್ನು ಸರಿಪಡಿಸಲಾಗದಿದ್ದರೂ ಕಳಿಸಿದ ಚಿತ್ರವಾದರೂ ಸರಿಯಿತ್ತು ಎಂದು ತೋರಿಸಲು ನೇಕಾರನ ಕೈಯಲ್ಲಿ ಪುರಾವೆ ಇರುತ್ತದೆ. ಉದ್ಘಾಟನೆಯ ಶಾಮಿಯಾನಕ್ಕೆ ಆಗುವ ಖರ್ಚಿನ ಮುಂದೆ ಇದು ದೊಡ್ಡ ಮೊತ್ತವಲ್ಲ.

ನಮ್ಮ ಬಡಾವಣೆಯಲ್ಲಿ ಒಂದು ಚಿಕ್ಕ ಸ್ಟುಡಿಯೊ ಇದೆ. ಅದರ ಮಾಲೀಕರು ಆಲ್ಬಂ ಮುದ್ರಿಸುವ ಮೊದಲು ನಾಲ್ಕೈದು ಮುಖಗಳಿರುವ ಒಂದು ಪಟ್ಟಿಯನ್ನು ಅದೇ ಕಾಗದದ ಮೇಲೆ ತೆಗೆದು, ಗಿರಾಕಿಯನ್ನು ಕಿಟಕಿಯ ಬಳಿಗೆ ಕರೆದು ತೋರಿಸುತ್ತಾರೆ. ಒಪ್ಪಿದರೆ ಹಿಂಬದಿಗೆ ಸಹಿ ಹಾಕಿಸಿ ಅರ್ಧ ಹರಿದು ಕೊಡುತ್ತಾರೆ. ಇದರಿಂದ ಪ್ರಯೋಜನವಾಗಿದೆಯೇ ಎಂದು ಕೇಳಿದೆ. ‘ತಕರಾರು ನಿಂತಿದೆ ಸಾರ್. ಆದ್ರೆ ಎರಡು ದಿನ ತಡ ಆಗುತ್ತೆ. ಅಷ್ಟು ಕಾಯೋಕಾಗಲ್ಲ ಅಂತ ಕೆಲವರು ಮುಂದಿನ ರಸ್ತೆ ಅಂಗಡಿಗೆ ಹೋಗ್ತಾರೆ’ ಎಂದರು.